ಕೌಲೆಗೆ ಏಳು ಉಣುಗು, ಲಕ್ಷ್ಮಿಗೆ ಲೆಕ್ಕ ಬಿಟ್ಟೆ

ಗೋಪೂಜೆ ಹಿಂದಿನ ದಿನ ನಮ್ಮನೇಲಿ ದನ ಮೀಯ್ಸೋ ಕೆಲಸ ನಂದು. ಹಂಡೆಲಿ ನೀರು ಬೆಚ್ಚಗೆ ಮಾಡಿ, ತೆಂಗಿನ ನಾರು ಉಂಡೆ ಕಟ್ಟಿ ಹಿಡ್ಕೊಂಡು ಕೊಟ್ಟಿಗೆಗೆ ಹೋದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಸೊಂಟ ನೆಟ್ಟಗೆ ಮಾಡಕ್ಕಾಗಲ್ಲ, ಆದ್ರೂ ವರ್ಷದಲ್ಲಿ ಅಷ್ಟು ಹತ್ರದಿಂದ ದನದ ಮೈ ನೋಡೋದು ಅದೊಂದೇ ದಿನ, ಉಳಿದ ದಿನ ಹಾಲು ಕರ್ದು ಹುಲ್ಲು ಹಾಕಿ ಸಗಣಿ ಬಾಚಿ ಡೈರಿಗೆ ಓಡೋದೇ ಆಯ್ತು. ಈ ಸಲ ಒಂದು ಗೆರಟೆಲಿ ಸ್ವಲ್ಪ ಪೆಟ್ರೋಲ್ ಇಟ್ಕೊಂಡಿದ್ದೆ (ಸೀಮೆಎಣ್ಣೆ ಈಗ ಎಲ್ಲಿ ಸಿಗತ್ತೆ, ಬೈಕಿಂದ ಬಗ್ಗಿಸಿದ್ದು), ಕೈಗೆ ಸಿಕ್ಕ ಉಣುಗನ್ನೆಲ್ಲ ಕಿತ್ತು ಅದ್ರೊಳಗೆ ಹಾಕೋದು ಅಂತ.

ಕೌಲೆ ಮೈಲಿ ಸಿಕ್ಕಿದ್ದು ಏಳು. ಕಿವಿ ಒಳಗೆ ನಾಲ್ಕು, ಗಂಗೆದೊಗಲಲ್ಲಿ ಎರಡು, ಬಾಲದ ಬುಡದಲ್ಲಿ ಒಂದು. ಅವೂ ಎಂಥವು ಅಂದ್ರೆ ಒಣಗಿದ ಕಾಳುಮೆಣಸಿನ ಥರ ಸೊರಗಿದ್ವು, ರಕ್ತ ಸಿಕ್ಕೇ ಇಲ್ಲ ಪಾಪ. ಕೌಲೆ ನಮ್ಮ ಗಿಡ್ಡ, ಮಲೆನಾಡು ಗಿಡ್ಡ, ನನ್ನ ಸೊಂಟಕ್ಕೆ ಬರ್ತಾಳೆ ಅಷ್ಟೇ, ಬೆಳಿಗ್ಗೆ ಬಿಟ್ರೆ ಬ್ಯಾಣ ಕಾಡು ಎಲ್ಲಾ ತಿರುಗಿ ಯಾರದ್ದೋ ಬೇಲಿ ಹಾರಿ ಬೈಸ್ಕೊಂಡು ಸಂಜೆ ಬರೋಳು. ಉಣುಗು ಹತ್ತೋ ಜಾಗದಲ್ಲೇ ಇಡೀ ದಿನ ಇರ್ತಾಳೆ. ಪಕ್ಕದಲ್ಲಿ ಕಟ್ಟಿರೋ ಲಕ್ಷ್ಮಿ ಎಚ್ಎಫ್ ಕ್ರಾಸು, ಅಂದ್ರೆ ಹೋಲ್‌ಸ್ಟೀನ್ ಅನ್ನೋ ಯುರೋಪಿನ ಹಾಲಿನ ತಳಿ ಬೆರೆತೋಳು, ಕೊಟ್ಟಿಗೆ ಬಿಟ್ಟು ಹೊರಗೆ ಹೋಗೋದೇ ಕಮ್ಮಿ, ಸೆಖೆ ಆದ್ರೆ ಫ್ಯಾನು ಬೇರೆ. ಅವಳ ಕೆಚ್ಚಲ ಸಂದಿ, ತೊಡೆ ಸಂದಿ, ಬಾಲದ ಕೆಳಗೆ ಕೈ ಹಾಕಿದ್ರೆ ಹರಳು ಬೀಜ ಪೋಣಿಸಿಟ್ಟ ಹಂಗೆ. ಊದ್ಕೊಂಡು ಬೂದಿ ಬಣ್ಣಕ್ಕೆ ತಿರುಗಿ, ಕಿತ್ತರೆ ಟಪ್ ಅಂತ ಒಡೆದು ಕೈಯೆಲ್ಲ ರಕ್ತ. ಅರವತ್ತರ ತನಕ ಎಣಿಸಿದೆ, ಆಮೇಲೆ ಬಿಟ್ಟೆ.

ಅಷ್ಟೊತ್ತಿಗೆ ಬಾವ ಬಂದ್ರು, ಅಕ್ಕನ ಗಂಡ, ಹೊಳೆ ಆಚೆ ಮನೆ. ಗೆರಟೆ ಬಗ್ಗಿ ನೋಡಿ, "ನೋಡಾ, ನಮ್ ದನಕ್ಕೆ ಎಂತದೂ ಆಗಲ್ಲ, ಅದಕ್ಕೇ ಹೇಳದು" ಅಂತ ಶುರು ಮಾಡಿದ್ರು. ಬಾವನ ಫೋನಲ್ಲಿ ದೇಸಿ ದನದ ಬಗ್ಗೆ ಬರೋ ವಾಟ್ಸಾಪ್ ಮೆಸೇಜಿಗೆ ಲೆಕ್ಕ ಇಲ್ಲ, ಅದ್ರಲ್ಲಿ ಅರ್ಧಕ್ಕರ್ಧ ನಂಗೂ ಬರತ್ತೆ. ನಾನು ಸುಮ್ನಿರದೇ ಕೇಳ್ದೆ, ಅಲ್ಲ ಬಾವ, ಉಣುಗು ತಡ್ಕೊಳೋದು ಅಷ್ಟು ಒಳ್ಳೆ ಗುಣ ಆಗಿದ್ರೆ, ಪುಕ್ಕಟೆ ಸಿಗೋ ಹಂಗಿದ್ರೆ, ಲೋಕದಲ್ಲಿರೋ ಎಲ್ಲಾ ದನಾನೂ ಇಷ್ಟೊತ್ತಿಗೆ ಹಂಗೇ ಆಗಿರ್ಬೇಕಿತ್ತಲ್ಲ, ಉಣುಗಿರೋ ಊರಲ್ಲೂ ಒಂದು ತಡ್ಕೊಳತ್ತೆ ಒಂದು ತಡ್ಕೊಳಲ್ಲ, ಎಂತಕ್ಕೆ? ಬಾವ "ನೀನು ಓದಿದ್ದು ಜಾಸ್ತಿ ಆಯ್ತು" ಅಂದು ಚಾ ಕುಡಿಯೋಕೆ ಒಳಗೆ ಹೋದ್ರು. ಶಿವಮೊಗ್ಗದಲ್ಲಿ ಬಿಎಸ್ಸಿ ಪ್ರಾಣಿಶಾಸ್ತ್ರ ಮಾಡಿ ಊರಿಗೆ ಬಂದು ಅಡಿಕೆ ಸುಲಿಯೋನಿಗೆ ಈ ಮಾತು ಹೊಸದಲ್ಲ ಬಿಡಿ. ಆದ್ರೆ ಪ್ರಶ್ನೆ ತಲೇಲೇ ಕೂತುಬಿಡ್ತು.

ಪುಸ್ತಕದಲ್ಲಿ ಇದಕ್ಕೆ ಆತಿಥೇಯ, ಪರಾವಲಂಬಿ ಅಂತೆಲ್ಲ ಹೆಸರು. ಆತಿಥೇಯ ಅಂತೆ! ಕರೆದವ್ರು ಯಾರು ಇವನ್ನ. ವಿಷಯ ಇಷ್ಟೇ, ಮೈಮೇಲೆ ಅಥವಾ ಮೈಯೊಳಗೆ ಕೂತು ತಿನ್ನೋ ಜೀವಿಯನ್ನ ಓಡಿಸೋಕೆ, ಕೊಲ್ಲೋಕೆ ಪ್ರಾಣಿ ಖರ್ಚು ಮಾಡ್ಬೇಕು. ರಕ್ತದಲ್ಲಿ ಕಾವಲು ಕಣ ಸಾಕ್ಬೇಕು, ಜ್ವರ ಬರಿಸ್ಕೋಬೇಕು, ಚರ್ಮ ಕೆರೀಬೇಕು, ನೆಕ್ಬೇಕು. ಪ್ರೋಟೀನು, ಶಕ್ತಿ, ಹೊತ್ತು ಎಲ್ಲಾ ಅದಕ್ಕೆ ಹೋಗತ್ತೆ. ಹಂಗಾಗಿ ಇನ್ನೆಲ್ಲೋ ಕಮ್ಮಿ ಬೀಳ್ಬೇಕು, ಹಾಲಲ್ಲೋ ಕರುವಲ್ಲೋ ಬೆಳವಣಿಗೆಯಲ್ಲೋ. ಇದು ಕೇಳೋಕೆ ಸುಲಭ, ಆದ್ರೆ ನಿಜವಾ ಅಂತ ತೋರ್ಸೋದು ಕಷ್ಟ, ಯಾಕಂದ್ರೆ ಕೌಲೆಗೂ ಲಕ್ಷ್ಮಿಗೂ ವ್ಯತ್ಯಾಸ ಒಂದಾ ಎರಡಾ.

ತೋರ್ಸಿದ್ದು ಹಣ್ಣಿನ ನೊಣದಲ್ಲಿ. ಬಾಳೆಹಣ್ಣು ಕಳಿತರೆ ಗುಂಯ್ ಅಂತ ಮುತ್ಕೊಳತ್ತಲ್ಲ ಆ ಸಣ್ಣ ನೊಣ. ಅದರ ಮರಿಹುಳದ ಮೈಯೊಳಗೆ ಒಂದು ಜಾತಿ ಪುಟಾಣಿ ಕಣಜ ಬಂದು ಮೊಟ್ಟೆ ಚುಚ್ಚಿಡತ್ತೆ. ಮೊಟ್ಟೆ ಒಡೆದ್ರೆ ಮುಗೀತು, ಕಣಜದ ಮರಿ ಒಳಗಿಂದಾನೇ ತಿಂದು ಖಾಲಿ ಮಾಡಿ ಹೊರಗೆ ಬರತ್ತೆ. ನೊಣದ ಮರಿಗೆ ಇರೋ ದಾರಿ ಒಂದೇ, ಮೊಟ್ಟೆ ಒಡೆಯೋ ಮುಂಚೆ ರಕ್ತದ ಕಣಗಳು ಓಡಿಬಂದು ಆ ಮೊಟ್ಟೆ ಸುತ್ತ ಪದರ ಪದರವಾಗಿ ಮೆತ್ಕೊಂಡು, ಕಪ್ಪಗೆ ಗಟ್ಟಿ ಸಿಪ್ಪೆ ಕಟ್ಟಿ ಉಸಿರುಗಟ್ಟಿಸಿ ಸಾಯಿಸ್ಬೇಕು. ಹಂಗೆ ಗೆದ್ದ ನೊಣ ದೊಡ್ಡದಾದ್ಮೇಲೂ ಹೊಟ್ಟೆಲಿ ಒಂದು ಕಪ್ಪು ಚುಕ್ಕಿ ಇಟ್ಕೊಂಡೇ ತಿರುಗತ್ತೆ, ಸೂಕ್ಷ್ಮದರ್ಶಕದಲ್ಲಿ ಕಾಣ್ಸತ್ತೆ.

ಇಂಗ್ಲೆಂಡಲ್ಲಿ ಕ್ರೈವೆಲ್ಡ್ ಮತ್ತು ಗಾಡ್‌ಫ್ರೇ ಅಂತ ಇಬ್ರು ಮಾಡಿದ್ದು ಏನಪ್ಪಾ ಅಂದ್ರೆ, ನೊಣದ ಮರಿಗಳ ಮೇಲೆ ಕಣಜ ಬಿಡೋದು, ಬದುಕಿ ಉಳಿದ ಕಪ್ಪು ಚುಕ್ಕಿಯವನ್ನ ಮಾತ್ರ ಬೀಜಕ್ಕೆ ಇಟ್ಕೊಳೋದು, ನಾವು ಭತ್ತದ ಬೀಜ ಆರ್ಸಿದ ಹಂಗೆ. ಶುರುವಲ್ಲಿ ನೂರಕ್ಕೆ ಐದು ಬದುಕ್ತಿದ್ವು. ಬರೀ ಐದು ತಲೆಮಾರಿಗೆ ನೂರಕ್ಕೆ ಐವತ್ತರ ಮೇಲೆ ಹೋಯ್ತು. ಅಂದ್ರೆ ಗುಣ ಆ ನೊಣಗಳಲ್ಲಿ ಮೊದಲಿಂದಾನೇ ಇತ್ತು, ಬೇಕಾದಾಗ ಇಷ್ಟು ಬೇಗ ಮೇಲೆ ಬರತ್ತೆ. ಹಂಗಿದ್ರೆ ಮೊದಲೇ ಯಾಕೆ ಬಂದಿರ್ಲಿಲ್ಲ? ಅದಕ್ಕೇ ಅವರು ಈ ಗಟ್ಟಿ ನೊಣದ ಮರಿಗಳನ್ನ ಸಾದಾ ಮರಿಗಳ ಜೊತೆ ಒಂದೇ ಶೀಶೆಲಿ ಬಿಟ್ಟು ಊಟ ಕಮ್ಮಿ ಕೊಟ್ಟು ನೋಡಿದ್ರು. ಗಟ್ಟಿಯವು ಸೋತ್ವು. ಊಟ ಬೇಕಾದಷ್ಟು ಕೊಟ್ರೆ ಎರಡಕ್ಕೂ ವ್ಯತ್ಯಾಸಾನೇ ಕಾಣ್ಸಲ್ಲ. ಇದು ನೇಚರ್ ಪತ್ರಿಕೇಲಿ 1997ರಲ್ಲಿ ಬಂತು. ಆಮೇಲೆ ಇನ್ನೂ ಕೆದಕಿದಾಗ ಎರಡು ವಿಷಯ ಸಿಕ್ತು, ಒಂದು ಆ ಗಟ್ಟಿ ಮರಿಗಳ ಮೈಲಿ ರಕ್ತದ ಕಣ ಹೆಚ್ಚುಕಮ್ಮಿ ಎರಡರಷ್ಟು, ಇನ್ನೊಂದು ಅವು ಬಾಯಾಡಿಸೋದೇ ನಿಧಾನ, ತಿನ್ನೋ ವೇಗ ಕಮ್ಮಿ.

ನಂಗೆ ಇದ್ರಲ್ಲಿ ಹಿಡ್ಸಿದ್ದು ಕಣದ ಲೆಕ್ಕ ಅಲ್ಲ, ಆ ಊಟ ಕಮ್ಮಿ ಇದ್ದಾಗ ಮಾತ್ರ ಕಾಣ್ಸತ್ತೆ ಅನ್ನೋ ಮಾತು. ನಮ್ಮ ಮನೆ ಲೆಕ್ಕಾನೂ ಹಂಗೇ ಅಲ್ದಾ, ಅಡಿಕೆಗೆ ರೇಟು ಚೆನ್ನಾಗಿದ್ದ ವರ್ಷ ಯಾವ ಖರ್ಚೂ ಖರ್ಚು ಅನ್ಸಲ್ಲ, ಕೊಳೆ ರೋಗ ಬಂದು ಅರ್ಧ ಕೊನೆ ಉದುರಿದ ವರ್ಷ ಫೋನ್ ರೀಚಾರ್ಜೂ ಭಾರ.

ಸ್ವಿಟ್ಜರ್ಲೆಂಡಲ್ಲಿ ಮೋರೆ ಮತ್ತು ಶ್ಮಿಡ್-ಹೆಂಪೆಲ್ ಅಂತ ಇಬ್ರು 2000ದಲ್ಲಿ ಅಲ್ಲಿಯ ದಪ್ಪ ರೋಮದ ದುಂಬಿ ಜಾತಿ ಜೇನಿನ ಮೇಲೆ ಇದನ್ನೇ ಇನ್ನೂ ನೇರವಾಗಿ ನೋಡಿದ್ರು. ರೋಗಾಣುನೇ ಕೊಡ್ಲಿಲ್ಲ. ಬ್ಯಾಕ್ಟೀರಿಯಾದ ಹೊರಗೋಡೆಯ ಚೂರು, ಅಥವಾ ಸಣ್ಣ ಪ್ಲಾಸ್ಟಿಕ್ ಮಣಿ ಚುಚ್ಚಿದ್ರು ಅಷ್ಟೇ, ಮೈಗೆ ಯಾರೋ ಬಂದ್ರು ಅಂತ ಗಾಬರಿ ಆಗ್ಬೇಕು, ಬಂದವ್ರು ಯಾರೂ ಇರ್ಬಾರ್ದು. ಸಕ್ಕರೆ ನೀರು ಕೊಟ್ಟವು ಆರಾಮಾಗಿದ್ವು. ಉಪವಾಸ ಕೆಡವಿದವು, ಚುಚ್ಚಿಸಿಕೊಳ್ಳದೇ ಉಪವಾಸ ಇದ್ದ ಗೆಳತಿಯರಿಗಿಂತ ಎಷ್ಟೋ ಬೇಗ ಸತ್ವು. ಸಾಯ್ಸಿದ್ದು ರೋಗ ಅಲ್ಲ, ಕಾವಲಿನ ಖರ್ಚು.

ಇಷ್ಟು ಓದಿದ್ಮೇಲೆ ಹೋದ ಮಳೆಗಾಲದ ಲಕ್ಷ್ಮಿ ಕಥೆ ನೆನಪಾಯ್ತು. ಕರು ಹಾಕಿ ಒಂದು ತಿಂಗಳಾಗಿತ್ತು, ಹನ್ನೆರಡು ಲೀಟರ್ ಹತ್ರ ಕೊಡ್ತಿದ್ಲು, ಹೊರಗೆ ಆಷಾಢದ ಮಳೆ ಬಿಡ್ತಾನೇ ಇಲ್ಲ, ಹುಲ್ಲು ಕೊಯ್ಯಕ್ಕೆ ಹೋದ್ರೆ ಇಂಬಳ, ತಂದ ಹುಲ್ಲಲ್ಲಿ ಬರೀ ನೀರು. ಒಂದಿನ ಬೆಳಿಗ್ಗೆ ನಾಲ್ಕು ಲೀಟರಿಗೆ ಇಳಿದ್ಲು. ಮೈ ಕೆಂಡ. ಭುಜದ ಮುಂದೆ ನಿಂಬೆಹಣ್ಣಿಗಿಂತ ದೊಡ್ಡ ಗಂಟು ಊದಿತ್ತು, ಕಣ್ಣಿನ ಒಳಗಡೆ ರೆಪ್ಪೆ ಮಡ್ಚಿ ನೋಡಿದ್ರೆ ರಕ್ತಾನೇ ಇಲ್ದಂಗೆ ಬಿಳಿಚ್ಕೊಂಡಿತ್ತು. ಡಾಕ್ಟ್ರು ಬಂದು ಗಂಟು ಮುಟ್ಟಿದ ಕೂಡ್ಲೆ "ಥೈಲೇರಿಯಾ ಇರ್ಬೇಕು, ಉಣುಗಿಂದ ಬರೋದು" ಅಂದ್ರು, ಕಿವಿಯಿಂದ ರಕ್ತ ತೆಗೆದು ಗಾಜಿಗೆ ಸವರಿಕೊಂಡು ಹೋದ್ರು, ಸಂಜೆಗೆ ಅದೇ ಅಂತ ಫೋನು. ಬುಪಾರ್ವಕ್ವೋನ್ ಅಂತ ಇಂಜೆಕ್ಷನ್ನು, ರೇಟು ಕೇಳಿ ಅಮ್ಮ ಕುರ್ಚಿ ಹಿಡ್ಕೊಂಡ್ರು. ಲಕ್ಷ್ಮಿ ಉಳ್ಕೊಂಡ್ಲು, ಆದ್ರೆ ಆ ಸೂಲಿನ ಹಾಲು ಹೋಯ್ತು. ನಮಗೆ ಅವಳನ್ನ ಮಾರಿದ ದಲ್ಲಾಳಿ "ಉಣುಗು ಗಿಣುಗು ಎಂತದೂ ಇಲ್ಲ, ಗಟ್ಟಿ ಜೀವ" ಅಂತ ಪ್ರಮಾಣ ಮಾಡಿದ್ದ, ಇರ್ಲಿ.

ಅದೇ ಕೊಟ್ಟಿಗೆ, ಅದೇ ಮಳೆ, ಕೌಲೆಗೆ ಏನೂ ಆಗ್ಲಿಲ್ಲ. ಏನೂ ಆಗ್ಲಿಲ್ಲ ಅಂದ್ರೆ ಅವಳ ರಕ್ತದಲ್ಲಿ ಆ ರೋಗಾಣು ಇರ್ಲೇ ಇಲ್ಲ ಅಂತ ನಾನು ಹೇಳಲ್ಲ, ನೋಡಿದವ್ರು ಯಾರು. ಇದು ಬಾವನಿಗೆ ಅರ್ಥ ಮಾಡ್ಸೋಕೆ ಕಷ್ಟ ಆದ ಜಾಗ. ಒಂದು ಹೊಡೆದೋಡ್ಸೋದು, ಇನ್ನೊಂದು ಇಟ್ಕೊಂಡೇ ತಾಳ್ಕೊಳೋದು, ಎರಡೂ ಬೇರೆ ಬೇರೆ. ನಮ್ಮ ದೇಸಿ ತಳಿಯಾದ ಸಾಹಿವಾಲ್ ಕರುಗಳಿಗೂ ಹೋಲ್‌ಸ್ಟೀನ್ ಕರುಗಳಿಗೂ ಇದೇ ಥೈಲೇರಿಯಾ ಕೊಟ್ಟು ನೋಡಿದ್ದಾರೆ. ಸಾಹಿವಾಲಿಗೂ ಹತ್ತಿತು, ಆದ್ರೆ ಜ್ವರ ಅಷ್ಟು ಏರಲಿಲ್ಲ, ಚೇತರಿಸ್ಕೊಂಡ್ವು. ಹೋಲ್‌ಸ್ಟೀನಲ್ಲಿ ಮೈಯೇ ಮೈಗೆ ಬೆಂಕಿ ಇಟ್ಕೊಂಡ ಹಂಗೆ. ಹಳೇದೊಂದು ಅಮೆರಿಕದ ಕಥೆನೂ ಇದೇ, ಟೆಕ್ಸಾಸ್ ಕಡೆಯ ದನ ಹೊಡ್ಕೊಂಡು ಉತ್ತರಕ್ಕೆ ಹೋದ್ರೆ ಆ ದನಕ್ಕೆ ಏನೂ ಇಲ್ಲ, ದಾರಿಲಿದ್ದ ಊರಿನ ದನ ಕೆಂಪು ಉಚ್ಚೆ ಹುಯ್ಕೊಂಡು ಸಾಯ್ತಿದ್ವು. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲಿ ಇದನ್ನ ಹೊತ್ತು ತರೋದು ಉಣುಗು ಅಂತ ತೋರ್ಸಿದ್ರು. ಸೊಳ್ಳೆಯಿಂದ ಮಲೇರಿಯಾ ಅಂತ ಗೊತ್ತಾಗೋಕೂ ಮುಂಚೆ ಇದು.

ಉಣುಗಿನ ಮಟ್ಟಿಗೆ ಹೇಳೋದಾದ್ರೆ ಆಸ್ಟ್ರೇಲಿಯಾದವ್ರು ಎಣಿಸಿದಷ್ಟು ಯಾರೂ ಎಣಿಸಿಲ್ಲ. ಅಲ್ಲಿ ನಮ್ಮ ಡುಬ್ಬ ಇರೋ ದನದ ರಕ್ತ ಸೇರಿದ ಬ್ರಾಹ್ಮನ್ ತಳಿ ಮೈಗೆ ನೂರು ಉಣುಗು ಮರಿ ಹತ್ತಿದ್ರೆ ದೊಡ್ಡದಾಗಿ ಉದುರೋದು ಸುಮಾರು ಒಂದು. ಇಂಗ್ಲೆಂಡ್ ಮೂಲದ ತಳಿಲಿ ಹದಿನೈದರ ಹತ್ರ. ಒಂದು ಹೆಣ್ಣು ಉಣುಗು ಎರಡು ಮೂರು ಸಾವಿರ ಮೊಟ್ಟೆ ಇಡತ್ತೆ, ಹಂಗಾಗಿ ಒಂದಕ್ಕೂ ಹದಿನೈದಕ್ಕೂ ಎಷ್ಟು ದೂರ ಅಂತ ನೀವೇ ಗುಣಿಸ್ಕೊಳಿ. ತಡ್ಕೊಳೋ ದನ ಮಾಡೋದೇನು ಅಂದ್ರೆ ಬಹುಪಾಲು ಕೆರ್ತ. ಮರಿ ಉಣುಗು ಕಚ್ಚಿದ ಜಾಗ ತುರಿಸತ್ತೆ, ದನ ನಾಲಿಗೆ ಹಾಕಿ ನೆಕ್ಕಿ ತೆಗೆಯತ್ತೆ. ಲಕ್ಷ್ಮಿಗೆ ತುರಿಕೆನೇ ಇಲ್ಲ, ಧ್ಯಾನಸ್ಥೆ. ಕೌಲೆ ಸಂಜೆ ಬಂದು ಕಟ್ಟಿದ್ಮೇಲೆ ಅರ್ಧ ಗಂಟೆ ನೆಕ್ಕೋದೇ ನೆಕ್ಕೋದು, ಕಂಬಕ್ಕೆ ಉಜ್ಜೋದೇ ಉಜ್ಜೋದು, ಕಂಬ ನುಣ್ಣಗಾಗಿ ಹೊಳೀತದೆ. ಆ ಹೊತ್ತಲ್ಲಿ ಅವಳು ಮೇಯಲ್ಲ. ಕೊಟ್ಟಿಗೇಲಿ ಅದು ಪರವಾಗಿಲ್ಲ, ಕಾಡಲ್ಲಿ ತಲೆ ತಿರುಗ್ಸಿ ಬೆನ್ನು ನೆಕ್ತಾ ನಿಂತ ಪ್ರಾಣಿಗೆ ಹುಲಿ ಬಂದಿದ್ದು ಗೊತ್ತಾಗಲ್ಲ. ಆಫ್ರಿಕಾದ ಇಂಪಾಲ ಜಿಂಕೆಲಿ ಜಾಗ ಕಾಯೋ ಗಂಡುಗಳು ಮೈ ನೆಕ್ಕೋಕೆ ಪುರುಸೊತ್ತಿಲ್ಲದೇ ಮೈತುಂಬ ಉಣುಗು ಹೊತ್ಕೊಂಡು ಓಡಾಡ್ತಾವಂತೆ. ಒಂದೋ ಹೆಣ್ಣು, ಒಂದೋ ಸ್ನಾನ.

ಕುರಿಯಲ್ಲಿ ಇನ್ನೊಂದು ಥರ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಹೊಟ್ಟೆ ಹುಳ ತಡ್ಕೊಳೋ ಮೆರಿನೋ ಕುರಿ ಬೇಕು ಅಂತ 1987ರಿಂದ ಆರಿಸ್ತಾ ಬಂದ್ರು. ಆಯ್ತು, ಹಿಕ್ಕೆಲಿ ಹುಳದ ಮೊಟ್ಟೆ ಇಳೀತು. ಆದ್ರೆ ಕುರಿ ಹಿಂಬದಿ ಭೇದಿ ಆಗಿ ಗಲೀಜು, ಯಾಕಂದ್ರೆ ಕರುಳು ಈಗ ಒಂದು ಸಣ್ಣ ಮರಿಹುಳ ಒಳಗೆ ಹೋದ್ರೂ ರಂಪ ಮಾಡತ್ತೆ. ನಂಗೆ ಇದು ಚೆನ್ನಾಗಿ ಅರ್ಥ ಆಗತ್ತೆ, ಹುಲ್ಲು ಮೆದೆ ಬಿಚ್ಚಿದ ದಿನ ಆ ಧೂಳಿಗೆ ನನ್ನ ಮೂಗು ಮಾಡೋದೂ ಅದೇ, ಅಲ್ಲಿ ಕೊಲ್ಲೋಕೆ ಯಾರೂ ಇಲ್ಲ, ಆದ್ರೂ ಯುದ್ಧ.

ಎಲ್ಲಕ್ಕಿಂತ ನಂಗೆ ಇಷ್ಟವಾದ ಕುರಿ ಸ್ಕಾಟ್ಲೆಂಡಿನ ಆಚೆ ಸಮುದ್ರದ ನಡುವೆ ಸೇಂಟ್ ಕಿಲ್ಡಾ ಅಂತ ದ್ವೀಪದ್ದು. ಸೋಯ್ ಕುರಿ ಅಂತಾರೆ, ಸಣ್ಣದು, ಕಂದು, ನಮ್ಮ ಗಿಡ್ಡದ್ದೇ ಚಿಕ್ಕಪ್ಪನ ಮಗ ಇದ್ದಂಗೆ. ಯಾರೂ ಸಾಕಲ್ಲ, ಮದ್ದು ಹಾಕಲ್ಲ, 1985ರಿಂದ ಒಂದೊಂದು ಕುರಿಗೂ ಕಿವಿಗೆ ಓಲೆ ಹಾಕಿ ಹುಟ್ಟು ಸಾವು ಬರೆದಿಡ್ತಾ ಬಂದಿದ್ದಾರೆ. ಅಲ್ಲಿ ಕೆಲವು ವರ್ಷ ಚಳಿಗಾಲದಲ್ಲಿ ಮೇವಿಲ್ಲದೇ, ಹೊಟ್ಟೆ ಹುಳದ ಕಾಟನೂ ಸೇರಿ ಅರ್ಧಕ್ಕಿಂತ ಜಾಸ್ತಿ ಕುರಿ ಸತ್ತು ಬೀಳ್ತಾವೆ. ಆಂಡ್ರಿಯಾ ಗ್ರಹಾಂ ಮತ್ತು ಜೊತೆಯವ್ರು 2010ರಲ್ಲಿ ಸೈನ್ಸ್ ಪತ್ರಿಕೇಲಿ ಬರೆದ ಪ್ರಕಾರ, ರಕ್ತದಲ್ಲಿ ಪ್ರತಿಕಾಯ ಜಾಸ್ತಿ ಇರೋ ಕುರಿ, ಅಂದ್ರೆ ತನ್ನ ಮೈಗೇ ಕಚ್ಚೋವಷ್ಟು ಚುರುಕು ಕಾವಲು ಇರೋದು, ಆ ಕೆಟ್ಟ ಚಳಿಗಾಲ ದಾಟತ್ತೆ. ಆದ್ರೆ ವರ್ಷಕ್ಕೆ ಹಾಕೋ ಮರಿ ಕಮ್ಮಿ. ಕಾವಲು ಸಡಿಲ ಇರೋದು ಮರಿ ಹಾಕತ್ತೆ, ಹಾಕತ್ತೆ, ಒಂದು ಫೆಬ್ರುವರಿಲಿ ಗೋಡೆ ಮಗ್ಗುಲಲ್ಲಿ ಬಿದ್ದು ಸಾಯತ್ತೆ. ಕೊನೇಗೆ ಜೀವಮಾನದ ಲೆಕ್ಕ ಹಾಕಿದ್ರೆ ಎರಡರದ್ದೂ ಹತ್ತಿರ ಹತ್ತಿರ. ಅದಕ್ಕೇ ಎರಡೂ ಥರದ ಕುರಿ ಆ ದ್ವೀಪದಲ್ಲಿ ಇವತ್ತೂ ಇದಾವೆ. ಬಾವನಿಗೆ ನಾನು ಕೇಳಿದ್ದಕ್ಕೆ ಉತ್ತರ ಇಲ್ಲೇ ಇತ್ತು ನೋಡಿ, ತಡ್ಕೊಳೋದು ಯಾವತ್ತೂ ಪೂರ್ತಿ ಗೆಲ್ಲಲ್ಲ, ಒಳ್ಳೆ ವರ್ಷ ಬಂದಾಗೆಲ್ಲ ತಡ್ಕೊಳದೇ ಇರೋದು ಮುಂದೆ ಓಡತ್ತೆ.

ಖರ್ಚು ಅಂದ್ರೆ ರಕ್ತ ಮಾಂಸದ್ದೇ ಆಗ್ಬೇಕು ಅಂತಿಲ್ಲ. ನಮ್ಮಲ್ಲಿ ಮಳೆ ನಿಂತ ಸಂಜೆ ಜೀರುಂಡೆ ಕಿರ್ ಅಂತ ಹಿಡಿದ್ರೆ ಟೀವಿ ಕೇಳಲ್ಲ, ಮಿಡತೆ ಜಾತಿಯ ಚಿಮ್ಮಂಡೆಗಳದ್ದು ಬೇರೆ ಒಂದು ರಾಗ. ಹವಾಯಿ ದ್ವೀಪಗಳ ಕೌವಾಯಿಲಿ ಒಂದು ಚಿಮ್ಮಂಡೆ ಇದೆ, ಗಂಡು ರೆಕ್ಕೆ ಉಜ್ಜಿ ಹೆಣ್ಣನ್ನ ಕರೆಯೋದು. ಅದೇ ಹಾಡು ಕೇಳಿ ಒಂದು ನೊಣಾನೂ ಬರತ್ತೆ, ಕತ್ತಲಲ್ಲೂ ಸದ್ದು ಹಿಡಿದೇ ಬಂದು ಮರಿಗಳನ್ನ ಅದರ ಮೇಲೆ ಉದುರ್ಸತ್ತೆ, ಮರಿ ಒಳಗೆ ಹೊಕ್ಕು ತಿಂದು ಒಂದು ವಾರದಲ್ಲಿ ಹೊರಗೆ. ಮಾರ್ಲೀನ್ ಜುಕ್ ಅನ್ನೋವ್ರು ವರ್ಷ ವರ್ಷ ಅಲ್ಲಿಗೆ ಹೋಗೋರು, ಹಾಡು ಕಮ್ಮಿ ಆಗ್ತಾ ಆಗ್ತಾ ಇನ್ನು ಮುಗೀತು ಈ ಜಾತಿ ಅಂದ್ಕೊಂಡ್ರು, 2003ರಲ್ಲಿ ಟಾರ್ಚ್ ಹಿಡಿದು ಹೋಗಿ ನೋಡಿದ್ರೆ ಹುಲ್ಲು ತುಂಬ ಚಿಮ್ಮಂಡೆ! ಸದ್ದಿಲ್ಲ ಅಷ್ಟೇ. ಇಪ್ಪತ್ತು ತಲೆಮಾರು ತುಂಬೋದ್ರೊಳಗೆ ಹೆಚ್ಚುಕಮ್ಮಿ ಎಲ್ಲಾ ಗಂಡಿನ ರೆಕ್ಕೆ ಚಪ್ಪಟೆ, ಉಜ್ಜಿದ್ರೆ ಸದ್ದೇ ಬರಲ್ಲ. ನೊಣದಿಂದ ಬಚಾವು, ಆದ್ರೆ ಹೆಣ್ಣನ್ನ ಕರೆಯೋದು ಹೆಂಗೆ? ಇನ್ನೂ ಹಾಡೋ ಒಂದೆರಡು ಗಂಡಿನ ಸುತ್ತ ಹೋಗಿ ಕೂರ್ತಾವೆ, ಅವನ ಹಾಡಿಗೆ ಬಂದ ಹೆಣ್ಣು ಸಿಗಬಹುದು ಅಂತ. ನಮ್ಮೂರ ಮದುವೆ ಮನೆಗಳಲ್ಲಿ ಈ ಥರದವ್ರನ್ನ ಬೇಕಾದಷ್ಟು ನೋಡಿದೀನಿ.

ಜೇನಿನ ಮಾತು ಬಿಟ್ರೆ ಅಪ್ಪಯ್ಯ ಬೇಜಾರು ಮಾಡ್ಕೊಳ್ತಾರೆ. ತೊಂಬತ್ತರ ದಶಕದ ಶುರುವಲ್ಲಿ ಥಾಯ್ ಸ್ಯಾಕ್ ಬ್ರೂಡ್ ಅನ್ನೋ ವೈರಸ್ಸು ದಕ್ಷಿಣದ ತುಡುವೆ ಜೇನನ್ನ ಗುಡಿಸಿ ಹಾಕ್ತು, ಅಪ್ಪಯ್ಯನ ಪೆಟ್ಟಿಗೆಗಳಲ್ಲಿ ಒಂದೂ ಉಳೀಲಿಲ್ಲ, ಎರಿ ಎತ್ತಿದ್ರೆ ಮರಿಹುಳ ನೀರು ತುಂಬಿದ ಚೀಲದ ಥರ ಜೋತು ಬೀಳ್ತಿತ್ತು ಅಂತ ಈಗಲೂ ಹೇಳ್ತಾರೆ. ಅದೇ ತುಡುವೆ, ಲೋಕದ ದೊಡ್ಡ ದೊಡ್ಡ ಜೇನು ಸಾಕಣೆದಾರರಿಗೆ ಕಣ್ಣೀರು ಹಾಕ್ಸಿದ ವರೋವಾ ಅನ್ನೋ ನುಸಿಗೆ ಮಾತ್ರ ಬಗ್ಗಲ್ಲ, ಯಾಕಂದ್ರೆ ಆ ನುಸಿ ಮೊದಲಿಂದ ಇವರ ಮನೇದೇ. ಹೆಂಗೆ ತಡೀತಾವೆ ಅಂದ್ರೆ, ಕೇಳಿದ್ರೆ ಹೊಟ್ಟೆ ಚುರ್ ಅನ್ಸತ್ತೆ. ನುಸಿ ಹೊಕ್ಕ ಕೆಲಸಗಾರ ಮರಿ ತಾನೇ ಬೇಗ ಸತ್ತುಬಿಡತ್ತೆ, ಅದರ ಜೊತೆ ನುಸಿ ಸಂಸಾರಾನೂ ಹೋಗತ್ತೆ, ಅಕ್ಕಂದಿರು ಹೆಣ ಎಳೆದು ಹಾಕ್ತಾರೆ. ಗಂಡು ಜೇನಿನ ಕೋಣೆಲಿ ನುಸಿ ಜಾಸ್ತಿ ಆದ್ರೆ ಅದು ಬಲ ಇಲ್ದೇ ಗಟ್ಟಿ ಮುಚ್ಚಳ ಒಡೆಯಕ್ಕಾಗದೇ ಒಳಗೇ ಸಾಯತ್ತೆ, ಯಾರೂ ತೆಗೆಯಲ್ಲ, ನುಸಿ ಸಮೇತ ಅದೇ ಗೋರಿ. ಪೆಟ್ಟಿಗೆ ಉಳಿಯತ್ತೆ, ಮಕ್ಕಳು ಹೋಗ್ತಾವೆ. ಯುರೋಪಿನ ಜೇನು ಅಷ್ಟು ಬೇಗ ಮಕ್ಕಳನ್ನ ಬಿಟ್ಕೊಡಲ್ಲ, ಅದಕ್ಕೇ ಇಡೀ ಪೆಟ್ಟಿಗೆ ಬಿಟ್ಕೊಡ್ಬೇಕಾಗತ್ತೆ.

ಉಣುಗಿನ ವಿಷಯ ಬಂದ್ಮೇಲೆ ಮಂಗನ ಕಾಯಿಲೆ (ಉಣುಗು ಕಚ್ಚಿದ್ರೆ ಮನುಷ್ಯರಿಗೂ ಬರೋ ಜ್ವರ) ಹೇಳದೇ ಇರೋ ಶಿವಮೊಗ್ಗದೋನು ಇದ್ದಾನಾ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, ಲೋಕಕ್ಕೆಲ್ಲ ಆ ಹಳ್ಳಿ ಹೆಸರಲ್ಲೇ ಗೊತ್ತು. ಮುಸಿಯ, ಕೆಂಪು ಮೂತಿ ಮಂಗ ಪಟಪಟ ಸಾಯ್ತಾವೆ, ಕಾಡಿಲಿ, ಮೂಗಿಲಿಗಳ ಮೈಲಿ ಅದೇ ವೈರಸ್ಸು ಬಂದು ಸುಮ್ನೆ ಹೋಗತ್ತೆ, ಕಾಯಿಲೆ ಇಲ್ಲ. ನಮ್ಮ ದನಕ್ಕೂ ಕಾಯಿಲೆ ಇಲ್ಲ, ಆದ್ರೆ ದೊಡ್ಡ ಉಣುಗಿಗೆ ರಕ್ತ ಕೊಟ್ಟು ಬೆಳ್ಸೋದು ಇವೇ. ಅಂದ್ರೆ ಇಲ್ಲಿ ಒಬ್ಬರ ತಾಳ್ಮೆಯ ಬಿಲ್ಲು ಇನ್ನೊಬ್ಬರ ಮನೆಗೆ ಬರತ್ತೆ. ಬೇಸಿಗೆಲಿ ತೋಟಕ್ಕೆ, ದರಕು ತರೋಕೆ ಹೋಗೋವಾಗ ಕಾಲಿಗೆ ಉಣುಗು ಹತ್ತದಂಗೆ ಹಚ್ಚೋ ಎಣ್ಣೆ ಹಚ್ಕೊಳಿ ಮಾರಾಯ್ರೆ, ವಾಸನೆ ಅಂತ ಮೂಗು ಮುರೀಬೇಡಿ.

ಸರಿ, ಕೌಲೆ. ಅವಳು ಕೊಡೋದು ಒಂದೂವರೆ ಲೀಟರ್. ಈಗ ನಾನು ಹೇಳಿದ್ದೆಲ್ಲ ಓದಿ "ಓ, ಉಣುಗು ತಡ್ಕೊಳೋ ಖರ್ಚಿಗೇ ಹಾಲು ಕಮ್ಮಿ" ಅಂತ ತೀರ್ಮಾನ ಮಾಡ್ಬೇಡಿ, ಅದೂ ಒಂದು ವಾಟ್ಸಾಪ್ ಮೆಸೇಜೇ ಆಗತ್ತೆ. ಗಿಡ್ಡ ದನವನ್ನ ಹಾಲಿಗೆ ಅಂತ ಯಾರೂ ಆರಿಸಿದ್ದೇ ಇಲ್ಲ, ನಮ್ಮ ಹಿರಿಯರಿಗೆ ಬೇಕಾಗಿದ್ದು ತೋಟಕ್ಕೆ ಗೊಬ್ಬರ, ಮನೆ ಮಜ್ಜಿಗೆಗೆ ಆಗುವಷ್ಟು ಹಾಲು, ಮಳೆಲಿ ನಿಂತ್ರೂ ಸಾಯದ ಜೀವ. ಮೈ ಸಣ್ಣದು, ಹಿಂಡಿ ಕಂಡಿದ್ದಿಲ್ಲ, ಕರಡ ತಿಂದು ಬದುಕಿದ್ದು. ಲಕ್ಷ್ಮಿಯ ಎಚ್ಎಫ್ ಕಡೆಯವ್ರನ್ನ ಯುರೋಪಲ್ಲಿ ಹಾಲಿಗೇ ಅಂತ ಆರಿಸಿ ಆರಿಸಿ ತಂದ್ರು, ಉಣುಗು ಕಮ್ಮಿ ಇರೋ ಚಳಿ ದೇಶ, ಅಲ್ಲಿ ಕಾವಲು ಇಟ್ಕೊಂಡು ಏನು ಮಾಡ್ಬೇಕಿತ್ತು. ಇದ್ರಲ್ಲಿ ಎಷ್ಟು ಪಾಲು ಕಾವಲಿನ ಖರ್ಚು, ಎಷ್ಟು ಪಾಲು ಬರೀ ಹಣೆಬರಹ ಅಂತ ಇಬ್ಬರನ್ನ ಪಕ್ಕ ಪಕ್ಕ ಕಟ್ಟಿ ನೋಡಿದ್ರೆ ಗೊತ್ತಾಗಲ್ಲ, ನೊಣದಲ್ಲಿ ಮಾಡಿದ ಹಂಗೆ ಒಂದೇ ಮನೆತನದಿಂದ ಎರಡು ಸಾಲು ಬೆಳ್ಸಿ ಹಸಿವಲ್ಲಿ ಕೆಡವಿ ನೋಡ್ಬೇಕು, ದನದಲ್ಲಿ ಐದು ತಲೆಮಾರು ಅಂದ್ರೆ ನಾನು ಮುದುಕ ಆಗಿರ್ತೀನಿ.

ಆದ್ರೂ ಏಪ್ರಿಲ್‌ನಲ್ಲಿ ಬ್ಯಾಣ ಒಣಗಿ ಬರೀ ಕಲ್ಲು ಕಾಣೋವಾಗ ಕೌಲೆ ಹಾಲು ಒಂದೂವರೆಯಿಂದ ಮುಕ್ಕಾಲಿಗೆ ಇಳಿಯೋದು, ನೆಕ್ಕೋದು ಮಾತ್ರ ನಿಲ್ಲಿಸದೇ ಇರೋದು ನೋಡಿದಾಗ ನಂಗೆ ಆ ಶೀಶೆಯೊಳಗಿನ ಮರಿಹುಳ ನೆನಪಾಗೇ ಆಗತ್ತೆ. ಹಿಂಡಿ ಬೂಸಾ ತಿನ್ನೋ ಲಕ್ಷ್ಮಿಗೆ ಏಪ್ರಿಲ್ಲೂ ಒಂದೇ, ಆಗಸ್ಟೂ ಒಂದೇ, ಅವಳ ಕಾವಲಿನ ಖರ್ಚು ಅವಳದ್ದಲ್ಲ, ನನ್ನ ಜೇಬಿಂದು, ಉಣುಗಿನ ಔಷಧಿ, ಇಂಜೆಕ್ಷನ್ನು, ಡಾಕ್ಟ್ರ ಪೆಟ್ರೋಲು. ಒಂದ್ಸಲ ಕೂತು ವರ್ಷದ ಡೈರಿ ಚೀಟಿಯಿಂದ ಇದನ್ನೆಲ್ಲ ಕಳೆಯೋಣ ಅಂತ ಪೆನ್ನು ತಗೊಂಡಿದ್ದೆ, ಅಮ್ಮ "ಬೇಡ ಬಿಡು, ಹಬ್ಬದ ದಿನ" ಅಂದ್ರು.

ಗೋಪೂಜೆ ದಿನ ಇಬ್ಬರಿಗೂ ಜೇಡಿ ಕೆಮ್ಮಣ್ಣಿನ ಮುದ್ರೆ ಒತ್ತಿ, ಚೆಂಡು ಹೂವು ಅಡಿಕೆ ಪೋಣಿಸಿದ ಹಾರ ಹಾಕಿ, ದೋಸೆ ತಿನ್ಸಿ ಬಿಟ್ವಿ. ಕೌಲೆ ಅಂಗಳ ದಾಟೋದ್ರೊಳಗೆ ಲಕ್ಷ್ಮಿಯ ಹಾರ ಕಿತ್ತು ತಿಂದಿದ್ಲು.

ಇವತ್ತು ಬೆಳಿಗ್ಗೆಯಿಂದ ಕೌಲೆ ಮಗಳು ಪುಟ್ಟಿ ಒಂದೇ ಸಮ ಕೂಗ್ತಿದಾಳೆ, ಬೆದೆಗೆ ಬಂದಿದಾಳೆ. ಇಂಜೆಕ್ಷನ್ ಕೊಡೋ ಹುಡುಗ ಫೋನಲ್ಲಿ "ಜರ್ಸಿ ಹಾಕ್ಲಾ ಅಣ್ಣ, ಕರು ಹಾಲು ಚೆನ್ನಾಗಿ ಬರತ್ತೆ" ಅಂದ. ಒಂದು ನಿಮಿಷ ಯೋಚನೆ ಮಾಡಿ ಬೇಡ ಅಂದೆ, ಆಮೇಲೆ ಬಾವನಿಗೆ ಫೋನ್ ಮಾಡಿ ಹೋರಿ ಕಳಿಸ್ತೀರಾ ಕೇಳ್ದೆ. ಬಾವ ಜೋರಾಗಿ ನಕ್ಕು, "ಹೋರಿ ಎಲ್ಲಿದೆಯೋ ನಂಗೇ ಗೊತ್ತಿಲ್ಲ, ಮೊನ್ನೆ ಬೇಲಿ ಹಾರಿದ್ದು ಇನ್ನೂ ಬಂದಿಲ್ಲ, ಸಂಜೆ ಒಳಗೆ ಸಿಕ್ಕಿದ್ರೆ ಹೊಡ್ಕಂಡು ಬರ್ತೆ" ಅಂದ್ರು.